ಎಲ್ಲರೂ ಕೈ ಎತ್ತಿದ ಮೇಲೆ

ನಮ್ಮ ವಕೀಲರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ ಅವೆರಡೂ ಕಡ್ಡಿಯ ಹಾಗೆ ನೆಟ್ಟಗೆ ನಿಂತಿರುತ್ತಿದ್ದವು. ಅವು ಮುರಿದದ್ದು ನಮ್ಮ ಮನೆಯ ಬಾಗಿಲಲ್ಲಿ.

ಕೂಡ್ಲಿಗಿ ಕೋರ್ಟಿನಲ್ಲಿ ನಾನು ಅವರ ಗುಮಾಸ್ತನಾಗಿದ್ದೆ. ಮೇಜಿನ ಮೇಲಿದ್ದ ಸಂವಿಧಾನದ ಪುಸ್ತಕದ ಮೇಲೆ ಯಾರಾದರೂ ಚಹಾದ ಲೋಟ ಇಟ್ಟರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ಆಗ ತುರ್ತು ಪರಿಸ್ಥಿತಿ. ಸಂವಿಧಾನಕ್ಕೆ ಪಾರ್ಲಿಮೆಂಟು ಮಾಡುವ ತಿದ್ದುಪಡಿಯನ್ನು ಇನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂದು ರೇಡಿಯೋ ಹೇಳಿತು.

"ಇಂಗ್ಲೆಂಡಿನ್ಯಾಗ ಪಾರ್ಲಿಮೆಂಟ್ ಅಂದಿದ್ದೇ ಕಡೀ ಮಾತು. ನಮ್ಮಲ್ಲಿ ಹಂಗಲ್ಲಲೇ, ಅದರ ಮ್ಯಾಲ ಸಂವಿಧಾನ ಐತಿ," ಎಂದರು ವಕೀಲರು.

"ಗೆದ್ದು ಬಂದೋರೆಲ್ಲ ಕೈ ಎತ್ತಿದ ಮ್ಯಾಲ ಪುಸ್ತಕ ಏನ್ ಮಾಡ್ತೈತ್ರಿ?" ಎಂದು ನಾನು ನಕ್ಕೆ. ನನ್ನ ಬಾಯಿಗೆ ಆಗ ಬೀಗವಿರಲಿಲ್ಲ.

ಆ ವಾರವೇ ನಮ್ಮಣ್ಣ ಊರಬಾವಿಗೆ ಕೊಡ ಇಳಿಸಿದ. ನಾವು ಹೊಲಗೇರಿಯವರು; ಆ ನೀರು ನಮಗಲ್ಲ ಎಂಬುದು ಊರಿನ ರೂಢಿ. ಹಿರಿಯರ ಸಭೆಗೆ ನಮ್ಮ ಕಡೆ ದೈವ ಎನ್ನುತ್ತಾರೆ. ದೈವ ಕಟ್ಟೆಯ ಮೇಲೆ ಕೂಡಿತು. ನಮ್ಮ ಮನೆ ಕೆಡವಬೇಕೆಂದು ಎಲ್ಲರೂ ಕೈ ಎತ್ತಿದರು. ಸುದ್ದಿ ತಿಳಿದದ್ದೇ ವಕೀಲರು ನನ್ನ ಜತೆ ಬಸ್ಸು ಹತ್ತಿ ಬಂದು, ನಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಊರೆಲ್ಲ ಒಪ್ಪೈತ್ರಿ ವಕೀಲ್ರ, ಪಕ್ಕಕ್ಕ ಸರೀರಿ," ಎಂದ ಊರ ಯಜಮಾನರ ಮಗ.

"ಊರು ಒಪ್ಪಿದ್ರ ರಸ್ತೆ ಎಲ್ಲಿ ಹಾಕಬೇಕು ಅಂತ ತೀರ್ಮಾನ ಮಾಡ್ರಿ. ಇವರು ನೀರು ಕುಡೀಬೇಕೋ ಬ್ಯಾಡೋ ಅನ್ನೋದು ನಿಮ್ಮ ಕೈಯಾಗಿಲ್ಲ. ಎಷ್ಟು ಕೈ ಎತ್ತಿದ್ರೂ ಇಲ್ಲ."

ಅವನು ಗುದ್ದಲಿಯ ಕಾವಿನಿಂದ, ಬಾಗಿಲು ಹಿಡಿದಿದ್ದ ಆ ಕೈಗೇ ಹೊಡೆದ. ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ಚೌಕಟ್ಟಿನ ಗುಂಟ ರಕ್ತ ಹೊಸ್ತಿಲಿಗೆ ಇಳಿಯಿತು. ಇನ್ನೆರಡು ಏಟಿಗೆ ಅವರು ಕುಸಿದರು. ಅವನ ಜತೆ ಬಂದವರು ನಮ್ಮಣ್ಣನ ತಲೆ ಒಡೆದರು, ಅವ್ವನನ್ನು ಕೂದಲು ಹಿಡಿದು ಬೀದಿಗೆ ಎಳೆದರು, ಮನೆಯ ಮಣ್ಣಿನ ಮಾಳಿಗೆ ಕೆಡವಿದರು.

ಮೂರನೇ ದಿನ ಮಧ್ಯಾಹ್ನ ಆ ಯಜಮಾನರ ಮಗ ಹಳ್ಳದ ಹತ್ತಿರ ಒಬ್ಬನೇ ಸಿಕ್ಕ. ಒದ್ದು ಎಳೆದು ತಂದೆವು. ನಮ್ಮ ಕೇರಿಗೂ ಒಂದು ದೈವ ಇತ್ತು, ಅದೂ ಕೂಡಿತು. ಇವನ ಬಲಗೈ ಜಜ್ಜಬೇಕೆಂದು ಎಲ್ಲರೂ ಕೈ ಎತ್ತಿದರು. ಮೊದಲು ಎತ್ತಿದವನು ನಾನೇ. ನಾಲ್ವರು ಅವನ ಕೈಯನ್ನು ಬಂಡೆಯ ಮೇಲೆ ಅದುಮಿ ಹಿಡಿದರು, ನಾನು ಗುಂಡುಕಲ್ಲು ಎತ್ತಿದೆ.

ನಮ್ಮಣ್ಣನನ್ನು ನೋಡಲು ಬಂದಿದ್ದ ವಕೀಲರು ಗುಂಪು ಸರಿಸಿ ಕೂತು, ಪಟ್ಟಿ ಕಟ್ಟಿದ ತಮ್ಮ ಕೈಯನ್ನು ಅವನ ಕೈಮೇಲೆ ಇಟ್ಟರು.

"ಮೊದಲು ಇದನ್ನ ಹೊಡಿ."

"ನಿಮಗ ಹೊಡದೋನ ಇವನ್ರಿ."

"ಹೌದು. ಕೇಸು ಹಾಕೋಣು. ಇದು ಮಾತ್ರ ನಿಮ್ಮ ಕೇರಿ ಕೈಯಾಗೂ ಇಲ್ಲಪ್ಪ."

ಆ ಗಳಿಗೆಯಲ್ಲಿ ನನಗೆ ಅವನಿಗಿಂತ ಇವರ ಮೇಲೇ ಹೆಚ್ಚು ಸಿಟ್ಟು ಬಂದಿತ್ತು. ಆದರೂ ಕಲ್ಲನ್ನು ಬಂಡೆಯ ಪಕ್ಕ ಕೆಳಗಿಟ್ಟೆ.

ಕೆಲವು ವರ್ಷಗಳ ಮೇಲೆ ಕೋರ್ಟು ಪ್ರಶ್ನಿಸುವಂತಿಲ್ಲ ಎಂದಿದ್ದ ಆ ನಿಯಮವನ್ನು ಸುಪ್ರೀಂ ಕೋರ್ಟೇ ರದ್ದು ಮಾಡಿದ ಸುದ್ದಿ ಪೇಪರಿನಲ್ಲಿ ಬಂತು. ಅವರು ಅದನ್ನು ನನ್ನ ಕಡೆ ತಳ್ಳಿ, "ಓದಲೇ, ಅವತ್ತು ನಕ್ಕಿದ್ದಿಯಲ್ಲ," ಎಂದರು, ಅಷ್ಟೇ.

ಅವರು ತೀರಿಕೊಂಡಾಗ ಮೈ ತೊಳೆದವನು ನಾನು. ಕೈ ಹೆಣೆದು ಎದೆಯ ಮೇಲಿಡಲು ಹೋದರೆ ಆ ಎರಡು ಬೆರಳು ಆಗಲೂ ಮಡಚಲಿಲ್ಲ. ನನ್ನ ಹತ್ತೂ ಬೆರಳು ಚೆನ್ನಾಗಿವೆ, ಅವಕ್ಕೆ ಯಾರ ರಕ್ತವೂ ಅಂಟಿಲ್ಲ. ಅದು ನನ್ನ ಒಳ್ಳೆಯತನವಲ್ಲ. ಅವರು ಕೈ ಅಡ್ಡ ಇಟ್ಟಿದ್ದರು.