ಕಿವಿ ಮಡಿಚಿದ ಬೆಕ್ಕಿನ ಕುಣಿತ

ನಾವು ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನಲ್ಲಿದ್ದ ಆ ವರ್ಷಗಳಲ್ಲಿ ಚಳಿಗಾಲವೆಂದರೆ ನನಗೆ ಹೀಟರಿನ ಮೇಲೆ ಒಣಗುವ ಉಣ್ಣೆಯ ಕೈಗವಸಿನ ವಾಸನೆ. ಶಾಲೆ ಬಿಡುವಷ್ಟರಲ್ಲೇ ಕತ್ತಲು. ಹಿಮದ ದಿಬ್ಬದಿಂದ ಜಾರಿ ಆಡಿ, ಮೂಗು ಸುರಿಸಿಕೊಂಡು ಮನೆಗೆ ಬಂದರೆ ಅಮ್ಮ ಕಿಟಕಿಯ ಬಳಿ ಕೂತಿರುತ್ತಿದ್ದಳು. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಕುಂದಾಪುರದ ಶಾಲೆಯಲ್ಲಿ ದಿನವಿಡೀ ಪಾಠ ಹೇಳುತ್ತಿದ್ದ ಅಮ್ಮನಿಗೆ ಇಲ್ಲಿ ಮಾತಿಗೆ ಜನವೇ ಇರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಐಲೀನ್ ಇದ್ದರು. ಸ್ಕಾಟ್ಲೆಂಡಿನವರು; ಗಂಡ ಸ್ವೀಡನ್ನಿನವನು, ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಅವರದೊಂದು ಬೆಕ್ಕು, ಸ್ಕಾಟಿಷ್ ಫೋಲ್ಡ್ ಎಂಬ ತಳಿ. ಕಿವಿಗಳು ಮುಂದಕ್ಕೆ ಮಡಿಚಿಕೊಂಡು ಅದರ ತಲೆ ಗೂಬೆಯ ತಲೆಯಂತೆ ದುಂಡಗೆ ಕಾಣುತ್ತಿತ್ತು. ಗುರುವಾರ ಸಂಜೆ ಐಲೀನ್ ಊರಿನ ಸಭಾಂಗಣದಲ್ಲಿ ತಮ್ಮ ನಾಡಿನ ಕುಣಿತ ಕಲಿಸುತ್ತಿದ್ದರು. ನಾನು ಹೋಗುತ್ತಿದ್ದುದು ಬಿಡುವಿನಲ್ಲಿ ಕೊಡುವ ದಾಲ್ಚಿನ್ನಿ ಬನ್ನಿನ ಆಸೆಗೆ.

ಆ ಚಳಿಗಾಲ ಅವರು ಬೆಕ್ಕಿನ ಮೇಲೆಯೇ ಹೊಸ ಕುಣಿತವೊಂದನ್ನು ಕಟ್ಟಿದರು. ನಾಲ್ಕು ಜೋಡಿ ಬೇಕು, ಒಬ್ಬರು ಕಡಿಮೆ. ನನ್ನನ್ನು ಕರೆದೊಯ್ಯಲು ಬಂದ ಅಮ್ಮನ ಕೈ ಹಿಡಿದು ತಮ್ಮ ಜೋಡಿಯಾಗಿ ಸಾಲಿಗೆ ಎಳೆದುಕೊಂಡೇ ಬಿಟ್ಟರು.

"ನಂಗೆ ಬತ್ತಿಲ್ಲೆ," ಎಂದು ಅಮ್ಮ ಕನ್ನಡದಲ್ಲೇ ಹೇಳಿದಳು. ಐಲೀನ್ ತಲೆಯಾಡಿಸಿ ಹಾಡು ಹಾಕಿದರು.

ಎರಡು ಸಾಲು ಎದುರುಬದುರು. ಮೂಲೆಯವರು ಒಳಕ್ಕೆ ತಿರುಗಿ ನಡುವಿನವರತ್ತ ಮಡಿಚಿಕೊಳ್ಳಬೇಕು, ಅದು ಕಿವಿ. ಆಮೇಲೆ ಎಲ್ಲರೂ ಕೈ ಹಿಡಿದು ಸದ್ದಿಲ್ಲದೆ ಸುತ್ತಬೇಕು. ಬೂಟು ಕಳಚಿ ಕಾಲುಚೀಲದಲ್ಲೇ ಕುಣಿದ ಅಮ್ಮ ತಪ್ಪಿದಳು, ಇನ್ನೊಬ್ಬರಿಗೆ ಡಿಕ್ಕಿ ಹೊಡೆದಳು, ಬಾಯ್ತುಂಬ ನಕ್ಕಳು. ಆ ನಗುವನ್ನು ನಾನು ಆ ಊರಲ್ಲಿ ಕೇಳಿದ್ದು ಅದೇ ಮೊದಲು.

ಅಲ್ಲಿಂದ ಗುರುವಾರ ಬಂತೆಂದರೆ ನಮ್ಮನೆಯಲ್ಲಿ ಗೋಳಿಬಜೆಯ ಪರಿಮಳ. ಬಿಸಿಬಿಸಿಯದನ್ನೇ ಬಾಯಿಗೆ ಹಾಕಿಕೊಂಡು ಐಲೀನ್ ಒದ್ದಾಡುತ್ತಿದ್ದರು. ಮಿಕ್ಕ ದಿನ ಅಡುಗೆಮನೆಯಲ್ಲಿ ಕುಣಿತದ ಅಭ್ಯಾಸಕ್ಕೆ ಕುರ್ಚಿಯೇ ಅಮ್ಮನ ಜೊತೆಗಾರ. ಬೇಸಿಗೆಯ ಹೊಸ್ತಿಲಲ್ಲಿ ಪಾರ್ಕಿನಲ್ಲಿ ಪ್ರದರ್ಶನವೆಂದು ನಿಶ್ಚಯವಾದಾಗ, ಅಮ್ಮ ಹಳೆಯ ರೇಷ್ಮೆ ಸೀರೆಯ ಸೆರಗು ಕತ್ತರಿಸಿ ಭುಜಕ್ಕೆ ಹೊದೆಯುವ ಪಟ್ಟಿ ಹೊಲಿದುಕೊಂಡಳು.

ಅಷ್ಟರಲ್ಲಿ ಅಪ್ಪನಿಗೆ ಸ್ಟಾಕ್‌ಹೋಮ್‌ನಲ್ಲಿ ಕೆಲಸವಾಯಿತು. ಅಲ್ಲಿ ಸುಲಭಕ್ಕೆ ಸಿಗದ ಬಾಡಿಗೆ ಮನೆಯೂ ಸಿಕ್ಕಿತ್ತು, ಕೂಡಲೇ ಹೋಗಬೇಕಿತ್ತು.

"ಕುಣಿತ ಮುಗ್ದ್ ಮೇಲೆ ಹೋಪುಕಾತ್ತಿಲ್ಯಾ?" ಅಮ್ಮ ಕೇಳಿದಳು.

ಮನೆ ಕೈ ತಪ್ಪುತ್ತದೆ, ಕುಣಿತ ಅಲ್ಲೂ ಇರುತ್ತದೆ ಎಂದರು ಅಪ್ಪ. ಅದರಲ್ಲಿ ಸುಳ್ಳಿರಲಿಲ್ಲ. ಪ್ರದರ್ಶನಕ್ಕೆ ಮೊದಲೇ ನಾವು ಹೊರಟೆವು.

ಆ ಬೇಸಿಗೆ ಐಲೀನ್ ಅಮ್ಮನ ಜಾಗಕ್ಕೆ ಬೇರೆಯವರನ್ನು ನಿಲ್ಲಿಸಲಿಲ್ಲ, ಪಾರ್ಕಿನಲ್ಲಿ ಬೇರೆ ಕುಣಿತವನ್ನೇ ಕುಣಿದರಂತೆ. ಇದು ನಮಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಅಷ್ಟು ಹೊತ್ತಿಗೆ ಅಮ್ಮ ಸ್ವೀಡಿಷ್ ಕಲಿತು, ಡಾಗಿಸ್ ಎನ್ನುವ ಇಲ್ಲಿನ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಕುಣಿಯಲು ಮಾತ್ರ ಎಲ್ಲಿಗೂ ಹೋಗಲಿಲ್ಲ.

ಈಗ ನಾನೇ ಸ್ಟಾಕ್‌ಹೋಮ್‌ನ ಸ್ಕಾಟಿಷ್ ಕುಣಿತದ ಗುಂಪೊಂದಕ್ಕೆ ಹೋಗುತ್ತೇನೆ. ಬೆಕ್ಕಿನ ಕುಣಿತ ಅಲ್ಲಿ ಯಾರಿಗೂ ಗೊತ್ತಿಲ್ಲ. ಹೋದ ತಿಂಗಳು ನನಗಾದರೂ ಕಲಿಸೆಂದು ಅಮ್ಮನನ್ನು ಕೇಳಿದೆ. ಸಂಕೋಚದಿಂದಲೇ ಎದ್ದು ನಿಂತಳು. ನಾಲ್ಕು ಹೆಜ್ಜೆ ಸರಾಗ ಬಂತು, ಒಳಕ್ಕೆ ತಿರುಗಿದಳು, ಕೈ ಮುಂದೆ ಚಾಚಿದಳು. ಹಾಗೇ ನಿಂತುಬಿಟ್ಟಳು.

"ಇಲ್ಲಿಂದ್ ಮುಂದೆ ಐಲೀನ್ ಎಳ್ಕಂಡ್ ಹೋತಿದ್ರ್," ಎಂದಳು. "ನಂಗೊತ್ತಿಲ್ಲೆ."