ಅಕ್ಕನನ್ನು ಸಮುದ್ರಕ್ಕೆ ಕರೆದೊಯ್ದದ್ದು

ನನ್ನ ಭಾವ ಚಲುವಯ್ಯನನ್ನು ಕವಲಂದೆಯಲ್ಲಿ ಎಲ್ಲರೂ ಹೊಗಳುತ್ತಾರೆ. ನಾನು ಹೊಗಳಲಾರೆ. ಅವನು ಕಟ್ಟಿಕೊಂಡದ್ದು ನನ್ನ ಅಕ್ಕನನ್ನು.

ಭಾವ ನಂಜನಗೂಡಿನ ಶಿವಮೂರ್ತಿಯ ಮೆಟಡಾರ್ ವ್ಯಾನಿಗೆ ಡ್ರೈವರ್. ತೊಂಬತ್ತರ ದಶಕದಲ್ಲಿ ಭತ್ತದ ಕೊಯ್ಲು ಮುಗಿದು ಚಳಿ ಬಿತ್ತೆಂದರೆ ನಂಜನಗೂಡು, ಟಿ. ನರಸೀಪುರದ ಕಡೆಯವರಿಗೆ ಟೂರಿನ ಹುಚ್ಚು ಹಿಡಿಯುತ್ತಿತ್ತು. ಅಕ್ಕಿ ಮೂಟೆ, ಸೀಮೆಎಣ್ಣೆ ಸ್ಟೌವು, ಪಾತ್ರೆಪಗಡಿ ಎಲ್ಲ ವ್ಯಾನಿನ ನೆತ್ತಿಗೆ ಕಟ್ಟಿ ಹೊರಡುವುದು, ರಸ್ತೆ ಬದಿಯಲ್ಲಿ ಬೇಯಿಸಿ ಉಣ್ಣುವುದು, ಗಾಡಿಯಲ್ಲೇ ಮಲಗುವುದು. ಸುಬ್ರಹ್ಮಣ್ಯ, ಧರ್ಮಸ್ಥಳ, ಉಡುಪಿ, ಕೊನೆಗೆ ಸಮುದ್ರ. ಭಾವ ಕುಡಿಯುತ್ತಿರಲಿಲ್ಲ, ಹೆಂಗಸರ ಮೇಲೆ ರೇಗುತ್ತಿರಲಿಲ್ಲ. ಮುದುಕಿಯರ ಕೈ ಹಿಡಿದು ಅಲೆಗೆ ಕಾಲು ಕೊಡಿಸಿ, ಅವರ ಚಪ್ಪಲಿಗಳನ್ನು ತಾನೇ ಕಾಯುತ್ತಿದ್ದ. ಎರಡು ತಾಲ್ಲೂಕಿನ ಎಷ್ಟೋ ಮುದುಕಿಯರು ಸಮುದ್ರ ನೋಡಿದ್ದು ಅವನ ದೆಸೆಯಿಂದ. ನೋಡದೆ ಉಳಿದವಳು ಅವನ ಹೆಂಡತಿ, ನನ್ನ ಅಕ್ಕ ಮುದ್ದಮ್ಮ.

ಒಂದು ವರ್ಷ ಅವಳಿಗೂ ಸೀಟು ಸಿಕ್ಕಿತ್ತು. ಬ್ಯಾಗು ಹೊಂದಿಸಿ, ಗಾಡಿಯವರಿಗೆಲ್ಲ ಆಗುವಷ್ಟು ಪುಳಿಯೋಗರೆ ಕಲೆಸಿಕೊಂಡು ಹತ್ತಿದ್ದಳು. ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ತಗಡೂರಿನವನೊಬ್ಬ ತಾಯಿಯನ್ನು ಕರೆದುಕೊಂಡು ಕಾದಿದ್ದ. ಓನರ್ ಅವರಿಗೂ ಮಾತು ಕೊಟ್ಟುಬಿಟ್ಟಿದ್ದ. ಭಾವ ಯಾರನ್ನು ಇಳಿಸಿದ ಎಂದು ಬೇರೆ ಹೇಳಬೇಕೆ. ಅಕ್ಕ ಪುಳಿಯೋಗರೆಯ ಡಬರಿಯನ್ನು ಕಿಟಕಿಯೊಳಗೆ ಕೊಟ್ಟು, ಬಸ್ಸು ಹಿಡಿದು ವಾಪಸು ಬಂದು, ನನ್ನ ಪಂಕ್ಚರ್ ಅಂಗಡಿಯ ಮುಂದೆ ಕೂತು ಅದನ್ನೆಲ್ಲ ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಮುಂದೆ ಪ್ರತಿ ಚಳಿಗಾಲವೂ ಬರುವ ವರ್ಷ ಕರೆದೊಯ್ಯುತ್ತೇನೆ ಎಂದು ಭಾವ ಹೇಳುತ್ತಿದ್ದ, ಅವಳು ಆಯಿತು ಎನ್ನುತ್ತಿದ್ದಳು. ತಾನಾಗಿ ಮತ್ತೆ ಕೇಳಲಿಲ್ಲ.

ಎರಡು ಸಾವಿರದ ಮೂರನೇ ಇಸವಿ, ದೀಪಾವಳಿಯ ಆಸುಪಾಸಿನಲ್ಲಿ ಜ್ವರ ಬಂದು ಅಕ್ಕ ತೀರಿಕೊಂಡಳು. ಹನ್ನೊಂದನೇ ದಿನ ಟಿ. ನರಸೀಪುರದ ಸಂಗಮದಲ್ಲಿ ಎಡೆ ಇಟ್ಟೆವು. ಎಡೆಯನ್ನು ಮೊದಲು ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಲೆಕ್ಕ. ಅಂದು ಅರಳಿಮರದ ತುಂಬ ಕಾಗೆಗಳಿದ್ದವು. ಒಂದೂ ಕೆಳಗಿಳಿಯಲಿಲ್ಲ. ನಮ್ಮ ಹಿರಿಯ ಜವರಯ್ಯ ಬಿಸಿಲಲ್ಲಿ ನಿಂತು ಸಾಕಾಗಿ, ಅವಳ ಆಸೆ ಏನಿತ್ತು ಕೇಳಿ ಮಾತು ಕೊಡು ಎಂದು ಭಾವನಿಗೆ ಹೇಳಿದ. ಕೇಳುವ ಅಗತ್ಯ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ.

"ಮುದ್ದಿ, ಸಮುದ್ರಕ್ಕೆ ಕರ್ಕೊಂಡೋಯ್ತೀನಿ," ಎಂದ ಭಾವ. "ಈ ಸಲ ಇಳ್ಸಾಕಿಲ್ಲ."

ಆಗಲೂ ಕಾಗೆ ಬರಲಿಲ್ಲ, ಬಂದದ್ದು ಕೆಂಚಿ. ಅಕ್ಕ ರೊಟ್ಟಿ ಹಾಕಿ ಸಾಕಿದ್ದ ಕೆಂದು ಬಣ್ಣದ ಹೆಣ್ಣುನಾಯಿ ಅದು. ವ್ಯಾನಿನ ಸೀಟಿನ ಕೆಳಗೆ ಸೇರಿಕೊಂಡು ಬಂದದ್ದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಾಲುಗಳ ನಡುವೆ ನುಸುಳಿ ಹೋಗಿ ಎಡೆಗೆ ಬಾಯಿ ಹಾಕಿತು. ಹೆಂಗಸರು ಕಲ್ಲು ಹುಡುಕಿದರು. ಜವರಯ್ಯ ಕೈ ಅಡ್ಡ ಹಿಡಿದ.

"ಓಡಿಸ್ಬ್ಯಾಡ್ರಿ, ಉಣ್ಲಿ. ಯಾವ ಬಾಯಲ್ಲಿ ಉಣ್ಬೇಕು ಅನ್ನೋದು ಅವ್ಳಿಗೆ ಗೊತ್ತು."

ಅವನು ಹಾಗೆ ಹೇಳಿದ್ದು ಊಟಕ್ಕೆ ಹೊತ್ತಾಯಿತು ಎಂದಿರಬೇಕು. ಆದರೆ ಭಾವನ ತಲೆಯಲ್ಲಿ ಆ ಮಾತು ಬೇರೂರಿತು. ಕೆಂಚಿ ಅಂದಿನಿಂದ ಹಿತ್ತಲು ಬಿಟ್ಟು, ಅಕ್ಕ ಅಕ್ಕಿ ಆರಿಸುತ್ತಿದ್ದ ಹೊಸ್ತಿಲ ಪಕ್ಕದಲ್ಲೇ ಮಲಗತೊಡಗಿತು. ಭಾವ ಒಳಗೆ ಹೋಗುವಾಗ ಅದನ್ನು ದಾಟದೆ, ಸುತ್ತಿ ಬಳಸಿ ಹೋಗುತ್ತಿದ್ದ. ಬೀಡಿ ಸೇದುವುದನ್ನೂ ಅದರ ಎದುರು ಬಿಟ್ಟ. ನಾಯಿ ಅನ್ನ ಕಂಡರೆ ತಿನ್ನುತ್ತದೆ, ಅದರಲ್ಲಿ ಏನು ವಿಶೇಷ ಎಂದು ನಾನು ಬೈದೆ. ಅವನು ನಂಜನಗೂಡಿಗೆ ಹೋಗಿ, ಗುಜರಿಗೆ ಹೋಗಬೇಕಿದ್ದ ಆ ಹಳೇ ಮೆಟಡಾರನ್ನು ಶಿವಮೂರ್ತಿಯ ಹತ್ತಿರ ಕೇಳಿ ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದ. ಸೀಟುಗಳನ್ನು ಕಿತ್ತು ಒಂದು ಹಲಗೆ ಹಾಕಿ ಹಾಸಿಗೆ ಮಾಡಿದೆವು. ಸ್ಟೌವು, ರಾಗಿಹಿಟ್ಟು, ನೀರಿನ ಕೊಡ ಬಂದವು. ಕಿಟಕಿಗೆ ಪರದೆಯೆಂದು ಅಕ್ಕನ ಎರಡು ಸೀರೆಗಳನ್ನು ಕಟ್ಟಿದ. ದಾರಿಯಲ್ಲಿ ಗಾಡಿ ಕೆಟ್ಟರೆ ಎಂಬ ನೆಪದಲ್ಲಿ ನಾನೂ ಹತ್ತಿದೆ. ನಿಜ ಹೇಳಬೇಕೆಂದರೆ, ಅವನು ಆ ಸಮುದ್ರದ ಮುಂದೆ ನಿಂತು ಸಂಕಟಪಡುವುದನ್ನು ಕಣ್ಣಾರೆ ನೋಡಬೇಕಿತ್ತು ನನಗೆ.

ಧನುರ್ಮಾಸದ ಚಳಿಯಲ್ಲಿ ಹೊರಟೆವು. ಹಲಗೆಯ ಮೇಲೆ ಕೆಂಚಿ, ನೆಲದ ಮೇಲೆ ನಾನು. ಹಲಗೆಯಲ್ಲಿ ಜಾಗ ಇದೆಯಲ್ಲ ಎಂದರೆ ಭಾವ ಕೇಳಿಸಿಕೊಳ್ಳದವನಂತೆ ಗಾಡಿ ಓಡಿಸಿದ. ಹುಣಸೂರು ದಾಟುವಾಗ ಗಾಳಿಗೆ ಒಂದು ಸೀರೆ ಉಬ್ಬಿ, ಒಳಗೆ ಯಾರೋ ಬೆನ್ನು ಕೊಟ್ಟು ಕೂತ ಹಾಗೆ ಕಂಡಿತು. ನಾನು ಅದನ್ನು ಎಳೆದು ಕಿಟಕಿಯ ಸರಳಿಗೆ ಬಿಗಿದೆ. ಸ್ವಲ್ಪ ದೂರ ಹೋಗುವುದರಲ್ಲಿ ಗಂಟು ಬಿಚ್ಚಿಕೊಂಡು ಮತ್ತೆ ಉಬ್ಬಿತು. ಗಂಟು ಹಾಕುವುದರಲ್ಲಿ ನಾನು ಕಚ್ಚಾ ಅಲ್ಲ. ಎರಡನೇ ಸಲ ಬಿಗಿಯಲು ಕೈ ಹೋಗಲಿಲ್ಲ.

ಮಡಿಕೇರಿ, ಸಂಪಾಜೆ ಘಾಟಿ ಇಳಿದು, ಮಂಗಳೂರು ಉಡುಪಿ ದಾಟಿ ಮರವಂತೆಗೆ ಬಂದು ಗಾಡಿ ನಿಲ್ಲಿಸಿದೆವು. ಅಲ್ಲಿ ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆ. ಮರಳಿನ ಮೇಲೆ ಬಲೆ ಹಾಸಿ ಹೆಂಗಸೊಬ್ಬಳು ಮೀನು ಒಣಗಿಸುತ್ತಿದ್ದಳು. ಕೆಂಚಿಯನ್ನು ಕಂಡು ಒಂದು ಹಿಡಿ ಮೀನು ಎಸೆದಳು. ಊರಿನಲ್ಲಿ ಕೋಳಿ ಪುಕ್ಕವನ್ನೂ ಬಿಡದ ನಾಯಿ ಅದು. ಮೂಸಿ ನೋಡಿ, ಮುಖ ತಿರುಗಿಸಿ ಮಲಗಿಬಿಟ್ಟಿತು.

"ಇವತ್ತು ಸ್ವಾಮಾರ ಕಣ್ಲಾ," ಎಂದ ಭಾವ ಮೆಲ್ಲಗೆ.

ಸೋಮವಾರ ನಂಜುಂಡೇಶ್ವರನ ದಿನ. ನಮ್ಮ ಮನೆಗಳಲ್ಲಿ ಅಂದು ಮೀನು ಮಾಂಸ ಮುಟ್ಟುವುದಿಲ್ಲ. ಅಕ್ಕನಂತೂ ಜ್ವರದಲ್ಲೂ ಬಿಟ್ಟವಳಲ್ಲ. ಘಾಟಿಯ ತಿರುವುಗಳಿಗೆ ನಾಯಿಗೆ ಹೊಟ್ಟೆ ತೊಳೆಸಿದೆ ಎಂದು ನಾನೆಂದೆ. ಮರುದಿನ ಬೆಳಿಗ್ಗೆ ಅದೇ ಮೀನನ್ನು ಅದು ಗಬಗಬ ತಿಂದಿತು.

ಬೆಳಿಗ್ಗೆ, ಸಂಜೆ ದಡದಲ್ಲಿ ನಡೆಯುತ್ತಿದ್ದೆವು. ಭಾವ ಮುಂದೆ, ಕೆಂಚಿ ತುಂಬ ಹಿಂದೆ. ಸ್ವಲ್ಪ ನಡೆದು ಕೂರುವುದು, ಮತ್ತೆ ಏಳುವುದು. ಅಕ್ಕನಿಗೆ ಮಂಡಿನೋವಿತ್ತು, ಸಂತೆಗೆ ಹೋಗುವಾಗಲೂ ಹೀಗೇ ಕೂತು ಏಳುತ್ತಿದ್ದಳು. ಆಗ ಭಾವ ಕಾದು ನಿಂತದ್ದನ್ನು ನಾನು ನೋಡಿಲ್ಲ. ಈಗ ಪ್ರತಿ ಸಲವೂ ನಿಂತು, ತಿರುಗಿ, ಟೂರಿನವರಿಗೆ ಹೇಳುತ್ತಿದ್ದ ಹಾಗೆಯೇ ಅದಕ್ಕೆ ಹೇಳುತ್ತಿದ್ದ: ಇದು ಅರಬ್ಬೀ ಸಮುದ್ರ, ಆ ಕಡೆಯದು ಸೌಪರ್ಣಿಕಾ, ಹೊಳೆ ಇಲ್ಲಿಗೆ ಬಂದೂ ಕೂಡದೆ ಪಕ್ಕದಲ್ಲೇ ಹೋಗುತ್ತದೆ. ಕೆಂಚಿ ಮಾತ್ರ ಕೂತಾಗಲೆಲ್ಲ ಸಮುದ್ರಕ್ಕೆ ಬೆನ್ನು ಹಾಕಿ, ವ್ಯಾನಿನ ಕಡೆ ನೋಡುತ್ತಾ ಕೂರುತ್ತಿತ್ತು. ಭಾವ ಎದುರು ಹೋಗಿ ಕೂತು ನೋಡಿದ, ರೊಟ್ಟಿ ತೋರಿಸಿ ತಿರುಗಿಸಲು ನೋಡಿದ. ಜಪ್ಪಯ್ಯ ಎಂದರೂ ತಿರುಗಲಿಲ್ಲ. ಊಟ ಬಿಟ್ಟ. ಇಷ್ಟು ದೂರ ಬಂದೂ ಅವಳು ನೋಡದೆ ಹೋದರೆ ತನ್ನ ಗತಿ ಏನು ಎಂದು ನನ್ನನ್ನು ಕೇಳಿದ. ನನಗೆ ಬೇಕಾದದ್ದು ಇದೇ ಆಗಿತ್ತು. ಅವನು ಹಾಗೆ ಕೂತದ್ದನ್ನು ಕಂಡು ಒಂದಿಷ್ಟೂ ಖುಷಿಯಾಗಲಿಲ್ಲ.

ಅಂದು ಸಂಜೆ ತಾಳ್ಮೆ ಕೆಟ್ಟು ಅವನು ಕೆಂಚಿಯನ್ನು ಎತ್ತಿಕೊಂಡು ನೀರಿಗೆ ಇಳಿದ. ಅಲೆ ಬಡಿದದ್ದೇ ತಡ, ಅದು ಅವನ ಮುಂಗೈ ಕಚ್ಚಿ, ಕೊಸರಿಕೊಂಡು, ಈಜಿ ದಡ ಹತ್ತಿ, ಸೀದಾ ಆ ಮೀನಿನ ಹೆಂಗಸಿನ ಗುಡಿಸಲ ಕಡೆ ಓಡಿತು. ಅವಳು ತನ್ನ ಕುಂದಾಪುರದ ಕನ್ನಡದಲ್ಲಿ ನಮ್ಮಿಬ್ಬರಿಗೂ ಸರಿಯಾಗಿ ಬೈದಳು. ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಗಿತ್ತು. ಹಳೇ ಬಟ್ಟೆಯಲ್ಲಿ ನಾಯಿಯ ಮೈ ಒರೆಸಿ, ಒಲೆಯ ಪಕ್ಕ ಮಲಗಿಸಿಕೊಂಡಳು. ಭಾವ ರಕ್ತ ಸುರಿಯುವ ಕೈಯನ್ನು ಕಟ್ಟಿಸಿಕೊಳ್ಳದೆ, ಇಂಥ ಕೋಪವನ್ನು ಮುದ್ದಿ ಒಂದು ದಿನವೂ ತೋರಿಸಿದವಳಲ್ಲ ಎಂದ.

ಮರುದಿನ ಹೊರಡಲು ಸಿದ್ಧರಾದೆವು. ಕೆಂಚಿ ಆ ಹೆಂಗಸಿನ ಪಕ್ಕ, ಮೀನಿನ ಬಲೆಯ ಅಂಚಿನಲ್ಲಿ, ಮುಂಗಾಲು ಚಾಚಿ ಮಲಗಿತ್ತು. ಮುಖ ಸಮುದ್ರದ ಕಡೆಗಿತ್ತು. ತಾನಾಗಿಯೇ ತಿರುಗಿತ್ತು. ಭಾವ ಅದನ್ನು ಕಂಡು ನಿಂತಲ್ಲೇ ಕೈ ಮುಗಿದ. ಆಮೇಲೆ ವ್ಯಾನಿನ ಬಾಗಿಲು ತೆಗೆದು ಕರೆದ. ಅದು ಕಿವಿ ಆಡಿಸಿತೇ ಹೊರತು ಏಳಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿದ, ಆರಿಸಿದ, ಮತ್ತೆ ಕರೆದ. ಬಿಸಿಲು ನೆತ್ತಿಗೆ ಬಂತು. ನಾನು ರೇಗಿಕೊಂಡು ಹಗ್ಗ ಹಿಡಿದು ಹೊರಟೆ. ಅಷ್ಟು ದೂರ ಅವಳನ್ನು ಬಿಟ್ಟು ಹೋಗುವುದು ನನ್ನಿಂದಾಗುತ್ತಿರಲಿಲ್ಲ. ಅವಳನ್ನು ಅಂದೆನಲ್ಲ, ಹೌದು, ಆಗ ನನಗೂ ಅದು ಬರೀ ನಾಯಿಯಾಗಿ ಉಳಿದಿರಲಿಲ್ಲ.

ಭಾವ ನನ್ನ ತೋಳು ಹಿಡಿದ. "ಬ್ಯಾಡ ಕಣ್ಲಾ. ಇರೋ ಮನಸಿದ್ರೆ ಇರ್ಲಿ. ಎಲ್ಲಿರ್ತೀಯ ಅಂತ ಇದುವರ್ಗೂ ನಾನು ಕೇಳೇ ಇರ್ನಿಲ್ಲ."

ಹತ್ತಿರ ಹೋಗಿ, ಮುಟ್ಟದೆ, ಕುಕ್ಕರುಗಾಲಲ್ಲಿ ಕೂತು ಅದರ ಕಿವಿಯ ಬಳಿ ಏನೋ ಹೇಳಿದ. ಮೀನಿನ ಹೆಂಗಸು ನಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದಳು. ಅವನು ಅವಳ ಕಾಲಿಗೆ ಬೀಳಲು ಹೋದದ್ದನ್ನು ಕಂಡು ಗಾಬರಿಯಾಗಿ ಹಿಂದೆ ಸರಿದಳು.

ಹೊರಟೆವು. ನಾನು ಹಿಂದೆ, ಖಾಲಿ ಹಲಗೆಯ ಮೇಲೆ ಕೂತೆ. ಉಡುಪಿ, ಮಂಗಳೂರು ಕಳೆದವು. ಸಂಪಾಜೆ ಘಾಟಿ ಹತ್ತುವಾಗ ಭಾವ ತಿರುಗದೆ ಕೇಳಿದ:

"ಗಾಡಿ ಒಂಟಾಗ ಅವ್ಳು ನನ್ ಕಡೀಕೆ ನೋಡಿದ್ಲಾ? ಕನ್ನಡೀಲಿ ನೋಡಾಕೆ ನಂಗೆ ಧೈರ್ಯ ಬರ್ನಿಲ್ಲ."

ನಾನು ನೋಡಿದ್ದೆ. ಸೀರೆ ಸರಿಸಿ, ಕಾಣುವಷ್ಟು ದೂರವೂ ನೋಡಿದ್ದೆ. ಇಂಜಿನ್ ಸದ್ದಿಗೂ ಅದು ತಿರುಗಿರಲಿಲ್ಲ, ಅವನು ಹೊಡೆದ ಹಾರನ್ನಿಗೂ ತಿರುಗಿರಲಿಲ್ಲ. ಕತ್ತು ಚಾಚಿ ನೀರನ್ನೇ ನೋಡುತ್ತಿತ್ತು. ಅವನ ಎದೆಗೆ ಇರಿಯಲೆಂದು ವರ್ಷಗಟ್ಟಲೆ ಮಾತು ಹುಡುಕಿದವನು ನಾನು. ಈಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಸಾಕಿತ್ತು.

"ನೋಡ್ತಾನೇ ಇದ್ಲು ಕಣ್ ಭಾವ," ಎಂದೆ. "ನಾವು ಮರೆಯಾಗೋ ಗಂಟ ನಿನ್ನೇ ನೋಡ್ತಿದ್ಲು."