ಅಂಕಿತವಿಲ್ಲದ ಹಾಡಿನ ಕೊನೆಯ ಸಾಲು

ನೀವು ಈಗ ಕುಳಿತು ಇದನ್ನು ಓದುತ್ತಿರುವ ಮನೆ ಯಾರ ಹೆಸರಿನಲ್ಲಿದೆ? ಊಹಿಸಿ ಉತ್ತರಿಸಬೇಡಿ, ಕಾಗದ ತೆಗೆದು ನೋಡಿ ಹೇಳಿ. ಇದೇ ಪ್ರಶ್ನೆಯನ್ನು ಹಾಡಾಗಿ ಕಟ್ಟಿ, ತೊಂಬತ್ತರ ದಶಕದ ನಡುವಿನಿಂದ ಹತ್ತು ಹನ್ನೆರಡು ವರ್ಷ ಬಸವಕಲ್ಯಾಣ ಮತ್ತು ಹುಮನಾಬಾದಿನ ಸುತ್ತಮುತ್ತ ಹಾಡಿಕೊಂಡು ಬಂದವಳು ನಾನು. ಕೇಳಿದವರೆಲ್ಲ ಧಾಟಿ ಚೆನ್ನಾಗಿದೆ ಎಂದರು. ಉತ್ತರ ಕೊಟ್ಟವರು ಕಡಿಮೆ.

ಹಾಡುವುದು ನನ್ನ ವೃತ್ತಿ ಎಂದರೆ ಅದು ಅರ್ಧ ಸತ್ಯ. ಹುಮನಾಬಾದಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಭಾನುವಾರ ಮತ್ತು ರಜೆಯ ದಿನಗಳಲ್ಲಿ, ಕರೆದವರಿದ್ದರೆ, ಹಾರ್ಮೋನಿಯಂ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. ಯಾವ ತಂಡಕ್ಕೂ ಸೇರಿರಲಿಲ್ಲ. ಪದ ನನ್ನದು, ಧಾಟಿ ನನ್ನದು, ಹಾರ್ಮೋನಿಯಂ ಅತ್ತೆಯವರದು. ಚಿಟಗುಪ್ಪದ ಬಸ್ಸಿನ ಕಂಡಕ್ಟರೊಬ್ಬರು ಹಾರ್ಮೋನಿಯಂಗೆ ತಪ್ಪದೆ ಅರ್ಧ ಟಿಕೆಟ್ ಹರಿದು ಕೊಡುತ್ತಿದ್ದರು. ಅದರ ವಯಸ್ಸು ಹನ್ನೆರಡರ ಒಳಗೆಂದು ಅವರು ಭಾವಿಸಿದ್ದಿರಬೇಕು.

ನನ್ನ ಯಾವ ಹಾಡಿಗೂ ಅಂಕಿತವಿರಲಿಲ್ಲ. ಕಲ್ಯಾಣದ ಕಡೆ ಹುಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ವಚನವಾಗಲಿ, ತತ್ವಪದವಾಗಲಿ, ಕೊನೆಯ ಸಾಲಿನಲ್ಲಿ ಕಟ್ಟಿದವರು ತಮ್ಮ ದೇವರ ಹೆಸರನ್ನೋ ಗುರುವಿನ ಹೆಸರನ್ನೋ ಇಡುತ್ತಾರೆ. ಅದು ರುಜುವೂ ಹೌದು, ಮುಕ್ತಾಯವೂ ಹೌದು. ನಾನು ಅದನ್ನು ಬಿಟ್ಟದ್ದು ಮರೆವಿನಿಂದಲ್ಲ, ಸಿದ್ಧಾಂತದಿಂದ. ಕಾಲೇಜಿನಲ್ಲಿದ್ದಾಗ ಅಂತರಕಾಲೇಜು ಚರ್ಚಾಸ್ಪರ್ಧೆಯೊಂದರಲ್ಲಿ ಕೃತಿಗೆ ಕರ್ತೃವಿನ ಹೆಸರು ಅನವಶ್ಯಕವೆಂದು ವಾದಿಸಿದ್ದೆ. ಒಳ್ಳೆಯ ಮಾತು ಯಾರದೆಂದು ಕೇಳುವ ಸಮಾಜ ಮಾತನ್ನು ಬಿಟ್ಟು ಬಾಯಿಯನ್ನು ತೂಗುತ್ತದೆ ಎಂಬುದು ನನ್ನ ಮುಖ್ಯ ಅಂಶವಾಗಿತ್ತು. ಮೊದಲ ಬಹುಮಾನವಾಗಿ ಒಂದು ಸ್ಟೀಲ್ ಬಿಂದಿಗೆ ಬಂತು. ಅದರ ಮೇಲೆ ನನ್ನ ಹೆಸರನ್ನು ಕೊರೆಸಿದ್ದರು.

ಮೊದಲ ಕ್ಯಾಸೆಟ್ಟನ್ನು ಬಸವಕಲ್ಯಾಣದಲ್ಲಿ, ಮದುವೆಯ ವಿಡಿಯೋ ತೆಗೆಯುವವರೊಬ್ಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಧ್ವನಿಮುದ್ರಿಸಿದೆವು. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಗಿರಣಿಯವರು ಊಟಕ್ಕೆ ಹೋದಾಗಷ್ಟೇ ಹಾಡಬಹುದಾಗಿತ್ತು. ಹೀಗಾಗಿ ಎಂಟು ಹಾಡಿಗೆ ಎಂಟು ಊಟ ಬೇಕಾದವು. ಕೊನೆಯ ಹಾಡೇ ಮನೆಯ ಹಾಡು. ಅದು ಎರಡನೆಯ ಬದಿಯ ತುದಿಗೆ ಬಂತು. ಮನೆ ಕಟ್ಟುವ ಹೆಣ್ಣಿನ ಕೆಲಸಗಳನ್ನೆಲ್ಲ ಹೇಳಿ, ಕೊನೆಯ ನುಡಿ ಹೀಗೆ ಮುಗಿಯುತ್ತದೆ:

ಕಲ್ಲ ಹೊತ್ತವಳು ನಾನು, ಮಣ್ಣ ಮೆತ್ತಿದವಳು ನಾನು,
ಹೊಸ್ತಿಲಿಗೆ ನೀರ ಹೊಯ್ದವಳು ನಾನು,
ಮನಿ ಯಾರ ಹೆಸರಿಲೆ?

ಅಷ್ಟೇ. ಪ್ರಶ್ನೆಯಲ್ಲಿ ನಿಲ್ಲಿಸುವುದನ್ನು ನಾನು ಚರ್ಚೆಯ ವೇದಿಕೆಯಲ್ಲಿ ಕಲಿತಿದ್ದೆ: ಉತ್ತರಿಸುವ ಹೊರೆ ಎದುರಾಳಿಯ ಮೇಲೆ ಬೀಳುತ್ತದೆ. ಟೇಪು ಸಹ ಆ ಪ್ರಶ್ನೆಯ ಜೊತೆಗೇ ಮುಗಿದು ಟಕ್ಕೆಂದು ನಿಂತಿತು. ಇದು ಬಹಳ ಪರಿಣಾಮಕಾರಿ ಎಂದು ನನಗೆ ಅನ್ನಿಸಿತು. ಕ್ಯಾಸೆಟ್ಟಿನ ಮೇಲೆ ‘ಹಾಡುಗಳು’ ಎಂದಷ್ಟೇ ಅಚ್ಚಾಗಿತ್ತು. ಬಸ್‌ ನಿಲ್ದಾಣದ ಅಂಗಡಿಯವರು ಅದನ್ನು ಭಕ್ತಿಗೀತೆಗಳ ಸಾಲಿನಲ್ಲಿಟ್ಟರು. ಯಾಕೆಂದು ಕೇಳಿದೆ. ಸಿನಿಮಾದ್ದಲ್ಲವಲ್ಲ ಎಂದರು.

ಆ ಹಾಡಿಗೆ ಮೊದಲು ಉತ್ತರ ಹುಡುಕಿದವಳು ನಮ್ಮ ಶಾಲೆಯ ಆಯಾ. ಗಂಟೆ ಬಾರಿಸುವುದು, ಕೋಣೆ ಗುಡಿಸುವುದು, ಹಾಜರಿ ಪುಸ್ತಕವನ್ನು ತರಗತಿಯಿಂದ ತರಗತಿಗೆ ಒಯ್ಯುವುದು ಆಕೆಯ ಕೆಲಸ. ಆ ಪುಸ್ತಕವನ್ನು ಒಯ್ದೂ ಒಯ್ದೂ ತನ್ನ ಹೆಸರು ಬರೆಯಲು ತಾನೇ ಕಲಿತಿದ್ದಳು. ಆಕೆಯ ಗಂಡ ಊರ ಹೊರಗಿನ ಔಷಧದ ಕಾರ್ಖಾನೆಯೊಂದರಲ್ಲಿ ಚೀಲ ಹೊರುತ್ತಿದ್ದ. ಇಬ್ಬರೂ ದುಡಿದು ಒಂದು ಜಾಗ ಕೊಂಡು, ಎರಡು ಖೋಲಿಯ ಮನೆ ಏಳಿಸಿದ್ದರು. ನೋಂದಣಿ ಬಾಕಿಯಿತ್ತು. ಆಕೆಯ ಅಕ್ಕ ಬೇಮಳಖೇಡದಲ್ಲಿ ಹೀಗೆಯೇ ದುಡಿದು ಮನೆ ಕಟ್ಟಿದವಳು. ಗಂಡ ತೀರಿದ ಮೇಲೆ ಮೈದುನರು ಆಕೆಯನ್ನು ಎರಡು ಪಾತ್ರೆಯೊಂದಿಗೆ ಹೊರಗೆ ಕಳಿಸಿದ್ದರು. ಕಾಗದದಲ್ಲಿ ಆಕೆ ಇರಲೇ ಇಲ್ಲ.

ಶಾಲೆಯ ಮಹಿಳಾ ದಿನದಂದು ನಾನು ಆ ಹಾಡು ಹಾಡಿದೆ. ಮರುದಿನ ಆಯಾ ಹಾಜರಿ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಅಲ್ಲಿಯೇ ನಿಂತಳು.

“ಅಕ್ಕೋರೆ, ರಾತ್ರಿ ಇವರಿಗಿ ಕೇಳಿದೆ. ಕಾಗದದಾಗ ನನ್ನ ಹೆಸರೂ ಹಾಕಸ್ರಿ ಅಂದೆ. ನೋಡಮು ಅಂದಾರ.”

ನಮ್ಮ ಕಡೆ ಗಂಡಸರು ‘ನೋಡಮು’ ಅಂದರೆ ಮುಕ್ಕಾಲು ಪಾಲು ಒಪ್ಪಿದರೆಂದೇ ಅರ್ಥ. ನನ್ನ ಒಂದು ಹಾಡು ಒಂದು ಮನೆಯ ಕಾಗದವನ್ನು ಬದಲಿಸಲಿದೆ ಎಂದುಕೊಂಡು ನಾನು ಆ ವಾರವಿಡೀ ವ್ಯಾಕರಣವನ್ನು ಬಹಳ ಉತ್ಸಾಹದಿಂದ ಪಾಠ ಮಾಡಿದೆ.

ಶ್ರಾವಣ ಬಂತು. ಒಂದು ಮಂಗಳವಾರ ಆಯಾ ಎರಡನೆಯ ಅವಧಿಯ ಗಂಟೆಯನ್ನು ತಡವಾಗಿ ಬಾರಿಸಿದಳು. ಹಾಗೆ ಆದದ್ದು ಅದೇ ಮೊದಲು. ಕೇಳಿದಾಗ ವಿಷಯ ತಿಳಿಯಿತು. ಆಕೆಯ ಗಂಡ ಬಡಾವಣೆಯ ಭಜನಾ ಮಂಡಳಿಯಲ್ಲಿ ತಾಳ ಹಾಕುವವನು. ಮಂಡಳಿಯವರು ನನ್ನ ಕ್ಯಾಸೆಟ್ಟಿನಿಂದ ಮನೆಯ ಹಾಡನ್ನು ಎತ್ತಿಕೊಂಡು ಸೋಮವಾರ ಹಾಡಿದ್ದರು. ಆದರೆ ಕೊನೆಗೆ ಒಂದು ಸಾಲು ಹೆಚ್ಚಿಗಿತ್ತು: ‘ಮನಿಯೆಲ್ಲ ನಿನ್ನ ಹೆಸರಿಲೆ, ಕಲ್ಯಾಣದ ಗುರುವೆ.’ ಗಂಡ ಮನೆಗೆ ಬಂದು, ಹಾಡಿನಲ್ಲೇ ಫೈಸಲಾ ಆಗಿದೆಯಲ್ಲ, ಮನೆ ನನ್ನದೂ ಅಲ್ಲ ನಿನ್ನದೂ ಅಲ್ಲ, ಗುರುವಿನದು ಎಂದನಂತೆ. ಗುರುವಿನ ಪರವಾಗಿ ಸದ್ಯ ತನ್ನೊಬ್ಬನ ಹೆಸರೇ ಸಾಕು ಎಂದೂ ಹೇಳಿದ್ದ. ನೋಂದಣಿ ಮುಂದಿನ ವಾರಕ್ಕೆ ನಿಗದಿಯಾಗಿತ್ತು.

ಸಾಲನ್ನು ಎರಡು ಸಲ ಹೇಳಿಕೊಂಡು ನೋಡಿದೆ. ಛಂದಸ್ಸು ಸರಿಯಾಗಿತ್ತು. ನನ್ನ ಸಾಲಿಗಿಂತ ಚೆನ್ನಾಗಿ ಕೂಡುತ್ತಿತ್ತು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಮುಂದಿನ ಸೋಮವಾರ ಸಂಜೆ, ಶಾಲೆ ಬಿಟ್ಟ ಮೇಲೆ, ಆಯಾಳೊಂದಿಗೆ ಮಂಡಳಿಗೆ ಹೋದೆ. ನಾಲ್ಕು ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಮಂಡಳಿಯ ಹಿರಿಯರು ಧಾನ್ಯದ ಮಾರುಕಟ್ಟೆಯಲ್ಲಿ ತೂಕ ಹಾಕುವವರು. ತೊಗರಿಯ ಹಂಗಾಮಿನಲ್ಲಿ ದಿನವಿಡೀ ತಕ್ಕಡಿಯ ಮುಳ್ಳು ನೋಡಿ ಅವರ ದೃಷ್ಟಿಗೆ ಒಂದು ಬಗೆಯ ಸ್ಥಿರತೆ ಬಂದಿತ್ತು. ಚಹಾ ತರಿಸಿದರು. ನಾನು ನಾಲ್ಕೂ ಅಂಶಗಳನ್ನು ಮುಗಿಸುವವರೆಗೆ ಮಧ್ಯೆ ಮಾತಾಡಲಿಲ್ಲ. ಹಾಡು ನನ್ನದೆಂದೂ, ಕೊನೆಯ ಸಾಲು ನನ್ನದಲ್ಲವೆಂದೂ, ಉತ್ತರ ಸಿಕ್ಕಿದರೆ ಪ್ರಶ್ನೆ ಸಾಯುತ್ತದೆಂದೂ, ಆದ್ದರಿಂದ ಅದನ್ನು ಕೈಬಿಡಬೇಕೆಂದೂ ಕೇಳಿಕೊಂಡೆ.

“ನಿಮ್ಮದು ಅಂತೀರಿ ಬಾಯಾರೆ,” ಎಂದರು ಹಿರಿಯರು. “ಖರೇನೇ ಇರಬೇಕು. ಆದ್ರ ನಿಮ್ಮ ಹೆಸರು ಇದರಾಗ ಎಲ್ಲಿ ಅದ?”

ಇಲ್ಲ ಎಂದೆ. ಬೇಕೆಂದೇ ಇಟ್ಟಿಲ್ಲ ಎಂದೆ.

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಟೇಪು ನಡುವೆಯೇ ಮುಗಿದು ಅಂಕಿತದ ಸಾಲು ಕತ್ತರಿಸಿ ಹೋಗಿದೆ ಎಂದು ಅವರೆಲ್ಲ ತಿಳಿದಿದ್ದರು. ಯಾರೋ ಹಳೆಯ ಶರಣರ ಹಾಡು, ಪಾಪ, ಕ್ಯಾಸೆಟ್ಟಿನವರ ಬೇಜವಾಬ್ದಾರಿಯಿಂದ ಅರ್ಧವಾಗಿದೆ ಎಂದು ಮರುಗಿ, ಮೂರು ಸೋಮವಾರ ಕೂತು ಆ ಸಾಲನ್ನು ಹೊಂದಿಸಿದ್ದರು. ಹಾಡನ್ನು ಕದ್ದವರ ವಿರುದ್ಧ ಹೇಗೆ ವಾದಿಸಬೇಕೆಂದು ನನಗೆ ಗೊತ್ತಿತ್ತು. ರಿಪೇರಿ ಮಾಡಿಕೊಟ್ಟವರ ವಿರುದ್ಧ ಗೊತ್ತಿರಲಿಲ್ಲ.

ಆಗ ತಾಳದವನು, ಅಂದರೆ ಆಯಾಳ ಗಂಡ, ಚಾಪೆಯ ತುದಿಯಿಂದ ಬಾಯಿ ತೆರೆದ. ಹೆಂಡತಿಯ ಕಡೆ ನೋಡಲಿಲ್ಲ.

“ಅಂಕಿತ ಇಲ್ದಿದ್ರ ಹಾಡ ಮುಗೀತಂತ ತಾಳದವಗ ಹ್ಯಾಂಗ ಗೊತ್ತಾಗಬೇಕ್ರಿ? ಮೊದಲನೇ ದಿನ ನಿಮ್ಮದರಂಗ ಹಾಡಿದಿವಿ. ‘ಮನಿ ಯಾರ ಹೆಸರಿಲೆ, ಮನಿ ಯಾರ ಹೆಸರಿಲೆ’ ಅಂತ ಇವರು ಅನಾಕತ್ತಾರ, ನಾ ತಾಳ ಹಾಕಾಕತ್ತೀನಿ. ಮಂಗಳಾರತಿ ಆರಿಹೋಯ್ತು.”

ನಾನು ಚೀಟಿಯನ್ನು ಮಡಿಚಿದೆ. ಅದನ್ನು ಒಪ್ಪಿಗೆಯೆಂದು ತಿಳಿದು ಹಿರಿಯರು, ಬಂದಿದ್ದೀರಿ, ಒಮ್ಮೆ ಪೂರ್ತಿ ಕೇಳಿರಿ ಎಂದರು. ಹಾಡಿದರು. ಚೆನ್ನಾಗಿಯೇ ಹಾಡಿದರು. ‘ಮನಿಯೆಲ್ಲ ನಿನ್ನ ಹೆಸರಿಲೆ, ಕಲ್ಯಾಣದ ಗುರುವೆ’ ಎಂದಾಗ ಅವನ ತಾಳ ಎರಡು ಸಲ ಎತ್ತರಿಸಿ, ಒಮ್ಮೆ ಗಟ್ಟಿಯಾಗಿ ಹೊಡೆದು ನಿಂತಿತು. ಹಾಡು ಮುಗಿಯಿತೆಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಆಯಾ ಅಷ್ಟು ಹೊತ್ತು ಬಾಗಿಲ ಬಳಿ ಹೆಂಗಸರ ಬದಿಯಲ್ಲಿ ಕುಳಿತಿದ್ದಳು. ಶಾಲೆಯಲ್ಲಿ ಹೇಗೆ ಅವಧಿ ಮುಗಿದ ಕೂಡಲೇ ಎದ್ದು ನಿಲ್ಲುವಳೋ ಹಾಗೆಯೇ ಎದ್ದು ನಿಂತಳು.

“ಅಜ್ಜಾರೆ, ಒಂದು ಮಾತು. ಬುಧವಾರ ರಿಜಿಸ್ಟ್ರಿ ಅದ. ಗುರು ದಸ್ಖತ್ ಮಾಡಾಕ ಎಷ್ಟ ಗಂಟೆಗಿ ಬರ್ತಾನ?”

ಹಾರ್ಮೋನಿಯಂನವರು ತಿದಿಯನ್ನು ಮೆಲ್ಲಗೆ ಮುಚ್ಚಿದರು. ಆಯಾ ಇನ್ನೂ ಹೇಳಿದಳು, ದನಿ ಎತ್ತರಿಸದೆ: “ಅವಗ ಬರಾಕ ಆಗಲಿಲ್ಲಂದ್ರ ನಾ ಬರ್ತೀನಿ. ನನಗ ದಸ್ಖತ್ ಬರ್ತದ.”

ಹಿರಿಯರು ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವವರಂತೆ ಆಕೆಯನ್ನೇ ನೋಡಿದರು. ಆಮೇಲೆ ತಾಳದವನ ಕಡೆ ತಿರುಗಿದರು.

“ಜವಾಬ್ ಕೊಡಪಾ. ತಾಳ ನಿನ್ನ ಕೈಯಾಗ ಅದ.”

ಅವನು ತಾಳಗಳನ್ನು ಬಟ್ಟೆಯಲ್ಲಿ ಸುತ್ತಿದ. ಬಿಚ್ಚಿದ. ಮತ್ತೆ ಸುತ್ತಿದ. ಬುಧವಾರ ಹನ್ನೊಂದಕ್ಕೆ ತಯಾರಿರು ಎಂದು ಹೆಂಡತಿಗೆ, ನೆಲ ನೋಡಿಕೊಂಡು ಹೇಳಿದ.

ಬುಧವಾರ ಆಯಾ ಅರ್ಧ ದಿನದ ರಜೆ ಪಡೆದಳು. ಗಂಟೆಯನ್ನು ನಾನು ಬಾರಿಸಿದೆ. ಮೂರನೆಯ ಅವಧಿ ಏಳು ನಿಮಿಷ ಬೇಗ ಮುಗಿಯಿತು. ಕಾಗದದಲ್ಲಿ ಇಬ್ಬರ ಹೆಸರೂ ಬಂದವು. ಆಕೆಯ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಆಕೆ ಅದನ್ನು ತೋರಿಸಿ, ತಿದ್ದಿಸಿ, ಆಮೇಲೆಯೇ ಸಹಿ ಹಾಕಿದಳಂತೆ. ನನ್ನ ಹಾಡು ಗೆದ್ದಿತೆಂದು ನಾನು ಹೇಳಲಾರೆ. ಗೆದ್ದದ್ದು ಹಾಡು ಮುಗಿದ ಮೇಲೆ ಬಂದ ಪ್ರಶ್ನೆ. ಅದನ್ನು ಕಟ್ಟಿದವಳು ನಾನಲ್ಲ.

ಮರುದಿನ ಆಯಾ ಹಾಜರಿ ಪುಸ್ತಕ ತಂದಾಗ, ಸಹಜವಾಗಿ, ಕೆಟ್ಟ ಉದ್ದೇಶವಿಲ್ಲದೆ ಕೇಳಿದಳು: “ನಿಮ್ಮ ಮನಿ ಯಾರ ಹೆಸರಿಲೆ ಅದ್ರಿ, ಅಕ್ಕೋರೆ?”

ನನಗೆ ಗೊತ್ತಿರಲಿಲ್ಲ. ಆ ಹಾಡನ್ನು ಆ ವೇಳೆಗೆ ಕಡಿಮೆಯೆಂದರೂ ಐವತ್ತು ಕಡೆ ಹಾಡಿದ್ದೆ. ಸಂಜೆ ಮನೆಗೆ ಹೋಗಿ ಪತಿಯನ್ನು ಕೇಳಿದೆ. ಅವರು ಟ್ರಂಕು ತೆಗೆದು ನೋಡಿ, ಅಪ್ಪನ ಹೆಸರಲ್ಲಿದೆ ಎಂದರು. ಅತ್ತೆಯವರು ಒಳಗಿನಿಂದ, ನನ್ನದೆಂದು ಇರುವುದು ಆ ಹಾರ್ಮೋನಿಯಂ ಒಂದೇ, ಅದನ್ನೂ ನೀನೇ ಹೊತ್ತು ತಿರುಗುತ್ತೀ ಎಂದರು. ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಮಾವನವರು ಕಾಗದ ಬದಲಿಸಲು ಒಪ್ಪುವಷ್ಟರಲ್ಲಿ ನಾನು ಇನ್ನೆರಡು ಕ್ಯಾಸೆಟ್ ಹೊರತಂದಿದ್ದೆ. ಈಗ ಆ ಮನೆ ಅತ್ತೆಯವರ ಹೆಸರಿನಲ್ಲಿದೆ. ಈ ಸಲ ನಾನೇ ಕಾಗದ ನೋಡಿದ್ದೇನೆ.

ಹಾಡಿನ ಮಟ್ಟಿಗೆ ಹೇಳುವುದಾದರೆ, ಅದು ನನ್ನಿಂದ ಬೇಗನೇ ಸ್ವತಂತ್ರವಾಯಿತು. ಚಿಟಗುಪ್ಪಕ್ಕೆ ಹೋಯಿತು, ಅಲ್ಲಿಂದ ಹಳ್ಳಿಗಳಿಗೆ ಹೋಯಿತು, ಎಲ್ಲ ಕಡೆಗೂ ಮಂಡಳಿಯ ಸಾಲಿನೊಂದಿಗೇ ಹೋಯಿತು. ಬೇಮಳಖೇಡದ ಒಂದು ಸಮಾರಂಭದಲ್ಲಿ ನಾನು ಆ ಸಾಲು ಬಿಟ್ಟು ಹಾಡಿದೆ. ನಿರೂಪಕರು ಮೈಕು ಹಿಡಿದು, ನಮ್ಮ ಹಿರಿಯರ ಪ್ರಾಚೀನ ಪದವೊಂದನ್ನು ಶಿಕ್ಷಕಿಯವರು ಸುಶ್ರಾವ್ಯವಾಗಿ ಹಾಡಿದರು, ಕೊನೆಗೆ ಸ್ವಲ್ಪ ಮರೆತರು ಎಂದರು. ಚಪ್ಪಾಳೆ ಬಿತ್ತು. ನನ್ನ ಸಿದ್ಧಾಂತದ ಪ್ರಕಾರ ಒಬ್ಬ ಹಾಡುಗಾರ್ತಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ. ನಾನು ಆ ಸಿದ್ಧಾಂತವನ್ನು ಇಂದಿಗೂ ಕೈಬಿಟ್ಟಿಲ್ಲ. ಹೆಸರು ಬೇಕೆಂದು ಕೇಳುತ್ತಿಲ್ಲ.

ಕೇಳುವುದು ಇಷ್ಟೇ. ಈ ಹಾಡು ನಿಮ್ಮ ಊರಿಗೂ ಬಂದಿದ್ದರೆ, ಹಾಡಿರಿ. ಆದರೆ ‘ಮನಿ ಯಾರ ಹೆಸರಿಲೆ’ ಎಂಬಲ್ಲಿಗೆ ಬಂದಾಗ ನಿಲ್ಲಿಸಿರಿ. ಅಲ್ಲಿ ನಿಲ್ಲುವುದಿದೆ ಎಂದು ತಾಳ ಹಿಡಿದವರಿಗೆ ದಯವಿಟ್ಟು ಮೊದಲೇ ಹೇಳಿಡಿರಿ.